ಕಡಲಂಚಿನ ಮನೆ: ನೀರಿಗೆ ದಾರಿ ಬಿಟ್ಟು ಕಟ್ಟಿ

2004ರ ಡಿಸೆಂಬರ್ 26ರ ಸುನಾಮಿಗೆ ಇಂಡೋನೇಷ್ಯಾದ ಅಚೆ ಪ್ರಾಂತ್ಯದ ಲಾಂಪೂಕ್ ಊರು ನೆಲಸಮವಾಯಿತು. ಅಲ್ಲಿ ನಿಂತು ಉಳಿದದ್ದು ರಹಮತುಲ್ಲಾ ಮಸೀದಿ. ಗೋಡೆಗಳನ್ನು ಒಡೆದುಕೊಂಡು ನೀರು ಒಳನುಗ್ಗಿತು. ಆದರೆ ದಪ್ಪ ಕಂಬಗಳು ಜಗ್ಗಲಿಲ್ಲ.

ನಮ್ಮ ಕರಾವಳಿಗೆ ಸುನಾಮಿ ಅಪರೂಪ. ಆದರೂ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಅಲೆಗಳ ಅಬ್ಬರ ಕಂಡವರಿಗೆ ಮುನ್ನೆಚ್ಚರಿಕೆ ಏಕೆಂದು ಹೇಳಬೇಕಾಗಿಲ್ಲ.

ಮೊದಲು ಜಾಗ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಗೆರೆ ಎಲ್ಲಿದೆ ನೋಡಿ, ಸಾಧ್ಯವಾದಷ್ಟು ಹಿಂದೆ, ಎತ್ತರದಲ್ಲಿ ಕಟ್ಟಿ. ಮನೆಯ ಕಿರಿದಾದ ಬದಿ ಕಡಲಿಗೆ ಮುಖ ಮಾಡಿರಲಿ.

ಇನ್ನು ನೆಲಮಹಡಿ. ಒಂದು ಮೀಟರ್ ಆಳದ ನಿಂತ ನೀರು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಅರ್ಧ ಟನ್ ಒತ್ತುತ್ತದೆ. ಆಳ ಮೂರು ಮೀಟರಾದರೆ ಒತ್ತುವ ಬಲ ಒಂದೂವರೆ ಟನ್ ಅಲ್ಲ, ನಾಲ್ಕೂವರೆ ಟನ್! ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದರ ತಳ್ಳು ನಾಲ್ಕು ಪಟ್ಟು. ಇದಕ್ಕೆ ಗೋಡೆ ಅಡ್ಡ ಕೊಟ್ಟು ಗೆಲ್ಲಲಾಗದು. ಕೆಳಗೆ ಪಿಲ್ಲರ್‌ಗಳಷ್ಟೇ ಇರಲಿ. ಗೋಡೆ ಬೇಕೇಬೇಕೆಂದರೆ ಅದು ಕಿತ್ತು ಹೋದರೂ ಪಿಲ್ಲರ್, ಬೀಮ್‌ಗಳಿಗೆ ಪೆಟ್ಟಾಗದಂತೆ ಹಗುರವಾಗಿರಲಿ. ಆದರೆ ಖಾಲಿ ನೆಲಮಹಡಿ ಭೂಕಂಪದಲ್ಲಿ ಕುಸಿಯುವ ಅಪಾಯ ಹೆಚ್ಚು. ಆದ್ದರಿಂದ ಪಿಲ್ಲರ್‌ಗಳ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲೇ ಆಗಲಿ. ತೇಲಿಬಂದ ದೋಣಿ, ಮರದ ದಿಮ್ಮಿ ಹೊಡೆಯುವ ಪೆಟ್ಟೂ ಅದರಲ್ಲಿ ಸೇರಲಿ.

ಅಡಿಪಾಯ ಆಳವಾಗಿರಲಿ. ದಡದಲ್ಲಿ ನಿಂತಾಗ ಹಿಂದಿರುಗುವ ಅಲೆ ಹಿಮ್ಮಡಿಯ ಕೆಳಗಿನ ಮರಳನ್ನು ಕದ್ದೊಯ್ಯುತ್ತದಲ್ಲ, ಫೂಟಿಂಗ್ ಕೆಳಗೂ ಆಗುವುದು ಅದೇ, ಮೂಲೆಗಳಲ್ಲಿ ಇನ್ನೂ ಹೆಚ್ಚು. ಸಡಿಲ ಮರಳಿನಲ್ಲಿ ಪೈಲ್ ಇಳಿಸುವುದೇ ಕ್ಷೇಮ.

ಕಾಂಕ್ರೀಟಿನಲ್ಲಿ ಮಾತ್ರ ಕಂಜೂಸಿ ಬೇಡ. ಕಡಲ ತುಂತುರು ತಾಗುವ ಕಡೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಕೇಳುವುದು ಕನಿಷ್ಠ ಎಂ35 ದರ್ಜೆ, ಕಬ್ಬಿಣದ ಮೇಲೆ 50 ಮಿ.ಮೀ. ಕವರ್. ಉಪ್ಪು ತಿಂದ ಸರಳು ಅಲೆ ಬರುವ ಮೊದಲೇ ಸೋತಿರುತ್ತದೆ.

ತಾರಸಿಗೆ ಹೊರಗಿನಿಂದ, ಕಡಲಿಗೆ ಬೆನ್ನಾದ ಬದಿಯಲ್ಲಿ, ಮೆಟ್ಟಿಲು ಇಡಿ. ಇದು ಓಡಲು ಹೊತ್ತಿಲ್ಲದವರಿಗೆ ಮಾತ್ರ. ಸುನಾಮಿ ಎಚ್ಚರಿಕೆ ಬಂದರೆ ಮನೆ ಎಷ್ಟೇ ಗಟ್ಟಿಯಿದ್ದರೂ ಬಿಟ್ಟು ಗುಡ್ಡದ ಕಡೆ ನಡೆಯಿರಿ.

ಕಾಂಕ್ರೀಟ್ ಹಾಕುವ ಹಿಂದಿನ ದಿನ ನೀವೇ ಸೈಟಿಗೆ ಹೋಗಿ ಪಿಲ್ಲರ್‌ನ ರಿಂಗ್‌ಗಳನ್ನು ಬಗ್ಗಿ ನೋಡಿ. ಕೊಕ್ಕೆಯ ತುದಿ 90 ಡಿಗ್ರಿಗೆ ನಿಂತಿದ್ದರೆ ಮೇಸ್ತ್ರಿಗೆ ಹೇಳಿ, 135 ಡಿಗ್ರಿ ಒಳಕ್ಕೆ ಬಗ್ಗಿಸಿ. ಕವರ್ ಬ್ಲಾಕ್ ಬದಲು ಕಲ್ಲಿನ ಚೂರು ಸಿಕ್ಕಿಸಿದ್ದರೆ ತೆಗೆಸಿ.