ಒಂದು ತಟ್ಟೆ, ಐವತ್ತು ಹುಳ: ರೇಷ್ಮೆ ಹುಟ್ಟುವುದನ್ನು ಮನೆಯಲ್ಲೇ ನೋಡಿ

ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿ ಮೈಸೂರು ಸಿಲ್ಕ್ ನೇಯುವ ಕಾರ್ಖಾನೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಅದೇ ರಸ್ತೆಯಲ್ಲಿ ಮುಂದೆ, ಶ್ರೀರಾಂಪುರದಲ್ಲಿ, 1961ರ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯೂ ಇದೆ. ಸೀರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಎಳೆ ಹುಳದ ಹೊಟ್ಟೆಯಲ್ಲಿ ಹೇಗೆ ಕೂಡಿಬರುತ್ತದೆ ಎಂಬುದನ್ನು ಈ ಊರಿನ ಪ್ರತಿ ಮಗುವೂ ಒಮ್ಮೆ ನೋಡಬೇಕು ಎಂಬುದು ನನ್ನ ಆಸೆ. ಒಂದು ತಟ್ಟೆ, ಐವತ್ತು ಹುಳ, ಹದಿನೆಂಟು ದಿನ ಸಾಕು.

ಹಂತ 1: ಹುಳ ತರುವುದು

ಮೊಟ್ಟೆಯಿಂದ ಶುರು ಮಾಡಬೇಡಿ. ಹೊಸದಾಗಿ ಒಡೆದ ಹುಳ ಇರುವೆಯಷ್ಟಿರುತ್ತದೆ, ಹೊಸಬರ ಕೈಗೆ ಬಾಳುವುದಿಲ್ಲ. ಟಿ. ನರಸೀಪುರ, ಕೊಳ್ಳೇಗಾಲದ ಕಡೆಯ ಚಾಕಿ (ಎಳೆ ಹುಳ) ಸಾಕಣೆ ಕೇಂದ್ರಗಳಲ್ಲಿ ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಹುಳ ರೈತರಿಗೆ ಸಿಗುತ್ತದೆ. ಪರಿಚಯದ ಬೆಳೆಗಾರರಿದ್ದರೆ ಐವತ್ತು ಹುಳ ಕೇಳಿ ತನ್ನಿ.

ಯಾವ ತಳಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಹಳೆಯ ಮೈಸೂರು ತಳಿಯ ಗೂಡು ಹಸಿರು ಮಿಶ್ರಿತ ಹಳದಿ, ಚಿಕ್ಕದು; ಬಿಸಿಲನ್ನೂ ರೋಗವನ್ನೂ ತಾಳಿಕೊಳ್ಳುತ್ತದೆ, ಆದರೆ ಒಂದು ಗೂಡಿನಿಂದ ಬರುವ ಎಳೆ ಸುಮಾರು 400 ಮೀಟರ್ ಅಷ್ಟೆ. ಸಿಎಸ್‌ಆರ್ ಹೆಸರಿನ ಬಿಳಿ ಗೂಡಿನ ದ್ವಿತಳಿಗಳಲ್ಲಿ ಅದು ಸಾವಿರ ಮೀಟರ್ ಮುಟ್ಟುತ್ತದೆ. ರೇಷ್ಮೆ ಗ್ರಂಥಿಯ ಜೀವಕೋಶಗಳ ಸಂಖ್ಯೆ ಹುಳ ಮೊಟ್ಟೆಯೊಳಗಿರುವಾಗಲೇ ನಿಗದಿಯಾಗಿಬಿಡುತ್ತದೆ. ಆಮೇಲೆ ಇರುವ ಕೋಶಗಳೇ ಉಬ್ಬಬೇಕು. ಎಷ್ಟರಮಟ್ಟಿಗೆ ಉಬ್ಬಬಹುದು ಎಂಬುದು ತಳಿಯ ಕೈಯಲ್ಲಿದೆ, ಎಷ್ಟು ಉಬ್ಬುತ್ತದೆ ಎಂಬುದು ನಿಮ್ಮ ಕೈಯಲ್ಲಿ.

ಹಂತ 2: ಜಾಗ

ಗಾಳಿಯಾಡುವ, ಬಿಸಿಲು ಬೀಳದ ಕೋಣೆ ಬೇಕು. ಎರಡನೇ ಜ್ವರ ಎದ್ದ ಹುಳಕ್ಕೆ 26 ಡಿಗ್ರಿ, ದೊಡ್ಡ ಹುಳಕ್ಕೆ 24–25 ಡಿಗ್ರಿ ಹಿತ. ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಮೈಸೂರಿನ ಹವೆಯೇ ಇದನ್ನು ಕೊಡುತ್ತದೆ; ಏಪ್ರಿಲ್‌ನಲ್ಲಿ ಕೈಹಾಕಬೇಡಿ. ಇರುವೆ ಬಾರದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಆ ಹದಿನೆಂಟು ದಿನ ಮನೆಯಲ್ಲಿ ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣದ ಯಂತ್ರ, ಅಗರಬತ್ತಿ ಬೇಡ. ನಾನು ಮೊದಲ ಸಲ ಸಾಕಿದಾಗ ಪಕ್ಕದ ಕೋಣೆಯಲ್ಲಿ ರಾತ್ರಿಯಿಡೀ ಸೊಳ್ಳೆ ಯಂತ್ರ ಉರಿದಿತ್ತು. ಬೆಳಿಗ್ಗೆ ನೋಡಿದರೆ ಹುಳಗಳು ತಲೆ ಒಲೆದಾಡಿಸುತ್ತ ಹಸಿರು ರಸ ಕಕ್ಕುತ್ತಿದ್ದವು. ಒಂದೂ ಉಳಿಯಲಿಲ್ಲ. ಕೀಟ ಕೊಲ್ಲುವ ಮದ್ದಿಗೆ ಇದೂ ಒಂದು ಕೀಟವೇ.

ಹಂತ 3: ಸೊಪ್ಪು

ಎಲ್ಲಕ್ಕಿಂತ ದೊಡ್ಡ ಹಂತ ಇದು. ಗೂಡಿನಲ್ಲಿ ಸಿಗುವ ರೇಷ್ಮೆಯ ಬಹುಪಾಲು ಪ್ರೊಟೀನು ನೇರವಾಗಿ ಹಿಪ್ಪುನೇರಳೆ ಸೊಪ್ಪಿನದೇ. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80–85 ಭಾಗವನ್ನು ನಾಲ್ಕನೇ ಜ್ವರ ಎದ್ದ ಮೇಲಿನ ಆರೇಳು ದಿನದಲ್ಲೇ ತಿಂದುಬಿಡುತ್ತದೆ. ರೇಷ್ಮೆ ಗ್ರಂಥಿ ಉಬ್ಬಿ ಹುಳದ ತೂಕದ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ಆಗುವುದೂ ಆಗಲೇ. ಆ ವಾರ ಒಂದು ಹೊತ್ತು ತಪ್ಪಿದರೂ ಗೂಡು ತೆಳ್ಳಗಾಗುತ್ತದೆ.

ಐವತ್ತು ಹುಳಕ್ಕೆ ಎರಡು ಕೆಜಿ ಸೊಪ್ಪು ಹೊಂದಿಸಿಕೊಳ್ಳಿ. ಮೈಸೂರಿನ ಸಂಸ್ಥೆಯೇ 1997ರಲ್ಲಿ ಕೊಟ್ಟ ವಿ-1 ತಳಿಯ ಸೊಪ್ಪು ಸಿಕ್ಕರೆ ಒಳ್ಳೆಯದು. ಚಿಕ್ಕ ಹುಳಕ್ಕೆ ಎಳೆ ಸೊಪ್ಪನ್ನು ಹೆಚ್ಚಿ ಕೊಡಿ, ದೊಡ್ಡ ಹುಳಕ್ಕೆ ಬಲಿತ ಎಲೆ ಇಡಿಯಾಗಿ. ನೀರು ಕೂತ ಎಲೆ, ರಸ್ತೆಯ ಧೂಳು ಹಿಡಿದ ಎಲೆ, ಮದ್ದು ಹೊಡೆದ ತೋಟದ ಎಲೆ ಬೇಡವೇ ಬೇಡ. ದಿನಕ್ಕೆ ನಾಲ್ಕು ಹೊತ್ತು ಹಾಕಿ. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ದೀಪ ಆರಿಸಿ ತಟ್ಟೆಯ ಬಳಿ ಕಿವಿಯಿಟ್ಟು ಕೇಳಿ: ಒಣ ಎಲೆಯ ಮೇಲೆ ಸೋನೆ ಮಳೆ ಬಿದ್ದಂಥ ಸದ್ದು.

ಹಂತ 4: ಜ್ವರ

ಹುಳ ತಿನ್ನುವುದು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತರೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಪೊರೆ ಬಿಡಿಸುವುದು ಎಕ್ಡೈಸೋನ್ ಎಂಬ ಹಾರ್ಮೋನು. ಜೊತೆಗೆ ಎಳೆತನದ ಹಾರ್ಮೋನು ಇರುವಷ್ಟು ದಿನ ಹುಳ ಹುಳವಾಗಿಯೇ ಉಳಿಯುತ್ತದೆ; ನಾಲ್ಕನೇ ಜ್ವರದ ಬಳಿಕ ಅದು ಇಳಿದಾಗ ಗೂಡಿನ ಕಡೆ ತಿರುಗುತ್ತದೆ. ಜ್ವರದಲ್ಲಿ ಮುಟ್ಟಬೇಡಿ, ಸೊಪ್ಪು ಹಾಕಬೇಡಿ, ಸ್ವಲ್ಪ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಿ. ಎಲ್ಲ ಹುಳವೂ ಎದ್ದ ಮೇಲೆಯೇ ಮತ್ತೆ ಸೊಪ್ಪು.

ಹಂತ 5: ರೋಗ

ಹಿಕ್ಕೆ, ಉಳಿಕೆ ಸೊಪ್ಪು ದಿನವೂ ತೆಗೆಯಿರಿ. ಊದಿಕೊಂಡು ತಟ್ಟೆಯ ಅಂಚಿನಲ್ಲಿ ಅಲೆಯುವ, ಮುಟ್ಟಿದರೆ ಹಾಲಿನಂಥ ರಸ ಬಿಡುವ ಹುಳಕ್ಕೆ ಹಾಲುತೊಂಡೆ ರೋಗ. ತಕ್ಷಣ ಕಡ್ಡಿಯಿಂದ ಎತ್ತಿ ಸುಣ್ಣದಲ್ಲಿ ಹೂಳಿ, ಕೈ ತೊಳೆಯಿರಿ.

ಹಂತ 6: ಗೂಡು

ಹುಳ ಹಣ್ಣಾದರೆ ಮೈ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆ ಹೊಳೆಯುತ್ತದೆ. ಅಂಥವನ್ನು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಿ. ಚಂದ್ರಿಕೆ ಇಲ್ಲದಿದ್ದರೆ ಒಣ ಕಡ್ಡಿಗಳ ಪೊದೆ ಸಾಕು. ಹುಳ ತಲೆಯನ್ನು 8ರ ಅಂಕಿಯಂತೆ ಆಡಿಸುತ್ತ ಎರಡು ಮೂರು ದಿನ ನೂಲುತ್ತದೆ. ಆಗ ಗಾಳಿ ಚೆನ್ನಾಗಿ ಆಡಲಿ. ತೇವ ನಿಂತರೆ ಎಳೆ ಎಳೆಗೆ ಅಂಟಿ, ನೂಲು ಬಿಚ್ಚುವಾಗ ತುಂಡಾಗುತ್ತದೆ.

ಹಂತ 7: ತೂಕ

ಆರೇಳು ದಿನಕ್ಕೆ ಗೂಡು ಬಿಡಿಸಿ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ಒಂದು ಗೂಡನ್ನು ತೂಗಿ. ಬ್ಲೇಡಿನಿಂದ ಪಕ್ಕದಲ್ಲಿ ಮೆಲ್ಲಗೆ ಸೀಳಿ, ಕೋಶಾವಸ್ಥೆಯ ಹುಳವನ್ನೂ ಅದರ ಪೊರೆಯನ್ನೂ ನೋಯಿಸದೆ ತೆಗೆದು, ಬರಿ ಕವಚವನ್ನು ತೂಗಿ. 1.8 ಗ್ರಾಂ ಗೂಡಿನಲ್ಲಿ ಕವಚ 0.4 ಗ್ರಾಂ ಇದ್ದರೆ ನೂರಕ್ಕೆ 22; ದ್ವಿತಳಿಯಲ್ಲಿ ಇದು ಒಳ್ಳೆಯ ಫಲ. ಮೈಸೂರು ತಳಿಯಲ್ಲಿ 13ರ ಆಸುಪಾಸು ಬಂದರೆ ಬೇಸರ ಬೇಡ, ಅದರ ಗುಣವೇ ಅಷ್ಟು.

ಈಗ ಹೊರತೆಗೆದ ಹುಳದ ಹೊಟ್ಟೆಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಎಂಟನೇ ಖಂಡದಲ್ಲಿ ಗುಣಾಕಾರದ ಗುರುತಿನಂಥ ಗೆರೆ ಇದ್ದರೆ ಹೆಣ್ಣು. ಒಂಬತ್ತನೆಯದರಲ್ಲಿ ಬರಿ ಚುಕ್ಕೆ ಇದ್ದರೆ ಗಂಡು. ಹೆಣ್ಣಿನ ಗೂಡು ಭಾರ, ಏಕೆಂದರೆ ಹೊಟ್ಟೆಯಲ್ಲಿ ನಾನೂರು ಐನೂರು ಮೊಟ್ಟೆಗೆ ಬೇಕಾದ ಸಾರ ತುಂಬಿದೆ. ಗಂಡಿನ ಗೂಡು ಹಗುರ, ಆದರೆ ಕವಚದ ಪಾಲು ಹೆಚ್ಚು. ಅದೇ ತಟ್ಟೆ, ಅದೇ ಸೊಪ್ಪು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡು, ಹುಳಗಳನ್ನು ಹತ್ತಿಯ ಮೇಲೆ ಮಲಗಿಸಿಡಿ. ಒಂದು ವಾರದ ಆಸುಪಾಸಿನಲ್ಲಿ ಚಿಟ್ಟೆಗಳಾಗುತ್ತವೆ.