‘ಡಿಸ್ಕವರ್’ ಕಲಿಸಲು ಎರಡು ಪ್ರಶ್ನೆಗಳು

ಬೋಧನಾಭ್ಯಾಸದ ಎಂಟನೆಯ ತರಗತಿಯಲ್ಲಿ ಇಂಗ್ಲಿಷಿನ ‘ಡಿಸ್ಕವರ್’ ಪದಕ್ಕೆ ಮಕ್ಕಳು ಎಲ್ಲ ಕಡೆಯೂ ‘ಕಂಡುಹಿಡಿ’ ಎಂದೇ ಬರೆಯುವುದನ್ನು ಗಮನಿಸಿದೆ. ಕನ್ನಡದಲ್ಲಿ ರೇಡಿಯಂ ಕಂಡುಹಿಡಿದರು, ದೂರವಾಣಿ ಕಂಡುಹಿಡಿದರು ಎರಡೂ ಸರಿ. ಇಂಗ್ಲಿಷಿನಲ್ಲಿ ಮೊದಲನೆಯದು ‘ಡಿಸ್ಕವರ್’, ಎರಡನೆಯದು ‘ಇನ್ವೆಂಟ್’. ಈ ವ್ಯತ್ಯಾಸ ತಿಳಿಯದಿದ್ದರೆ ವಿಜ್ಞಾನದ ಪಾಠದಲ್ಲೂ ತೊಡಕು: ನಿಸರ್ಗದಲ್ಲಿ ಇದ್ದದ್ದು ಯಾವುದು, ಮನುಷ್ಯ ಹೊಸದಾಗಿ ಮಾಡಿದ್ದು ಯಾವುದು ಎಂಬುದು ಮಸುಕಾಗುತ್ತದೆ.

‘ಡಿಸ್ಕವರ್’ ಪದದ ಮೂಲಾರ್ಥ ಹೊದಿಕೆ ತೆಗೆಯುವುದು. ಹಾಗಾಗಿ ಮೊದಲ ಪ್ರಶ್ನೆ: ಅದು ಮೊದಲೇ ಇತ್ತೇ? 1898ರಲ್ಲಿ ಕ್ಯೂರಿ ದಂಪತಿಗಳು ಗುರುತಿಸುವ ಮುನ್ನವೂ ರೇಡಿಯಂ ಅದಿರಿನಲ್ಲಿತ್ತು. ದೂರವಾಣಿ ಎಲ್ಲೂ ಇರಲಿಲ್ಲ.

ಎರಡನೆಯ ಪ್ರಶ್ನೆ: ಯಾರಿಗೆ ತಿಳಿದಿರಲಿಲ್ಲ? ಇದಕ್ಕೆ ನಮ್ಮ ಮೈಸೂರಿನದೇ ಉದಾಹರಣೆಯಿದೆ. ತಂಜಾವೂರು ಕಡೆಯ ಪಂಡಿತರೊಬ್ಬರು ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಪ್ರತಿ ಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಪ್ರತಿ ಪಂಡಿತರ ಬಳಿ ಇದ್ದೇ ಇತ್ತು. ಅದರ ಮಹತ್ವ ವಿದ್ವತ್ ಲೋಕಕ್ಕೆ ತಿಳಿದಿರಲಿಲ್ಲ. ಇಲ್ಲಿ ‘ಡಿಸ್ಕವರ್’ಗೆ ‘ಬೆಳಕಿಗೆ ತರು’ ಎಂಬುದೇ ಹೊಂದುವ ಕನ್ನಡ. ಇದೇ ಪ್ರಶ್ನೆಯನ್ನು 1492ರ ಕೊಲಂಬಸ್ ಪಾಠದಲ್ಲಿ ಕೇಳಿದಾಗ, ‘ಅಲ್ಲಿ ಜನ ಇದ್ದರಲ್ಲ ಮಿಸ್?’ ಎಂದು ಮಕ್ಕಳೇ ಚರ್ಚೆಗಿಳಿದರು.

ವಾಕ್ಯರಚನೆಯಲ್ಲೂ ಎಚ್ಚರ ಬೇಕು. ‘ಐ ಡಿಸ್ಕವರ್ಡ್ ದಟ್ ದ ಡೋರ್ ವಾಸ್ ಲಾಕ್ಡ್’ ಎಂಬುದು ಕನ್ನಡದಲ್ಲಿ ‘ಬಾಗಿಲಿಗೆ ಬೀಗ ಹಾಕಿದೆ ಎಂದು ನನಗೆ ಗೊತ್ತಾಯಿತು’. ಅಲ್ಲಿ ‘ನಾನು’ ಕರ್ತೃ. ಇಲ್ಲಿ ‘ನನಗೆ’ ಬರುತ್ತದೆ. ಇಂತಹ ಕಡೆ ಮಾತಿನಲ್ಲಿ ‘ಫೌಂಡ್ ಔಟ್’ ಹೆಚ್ಚು ಸಹಜ. ಆದರೆ ‘ಫೈಂಡ್ ಔಟ್’ ಮಾಹಿತಿಗೆ ಮಾತ್ರ: ಬಸ್ಸಿನ ಸಮಯ ತಿಳಿಯುವುದು ‘ಫೈಂಡ್ ಔಟ್’, ಕಳೆದ ಪೆನ್ನು ಸಿಗುವುದು ಬರೀ ‘ಫೈಂಡ್’.

ತರಗತಿಗೆ ಚಟುವಟಿಕೆ: ಗುರುತ್ವಾಕರ್ಷಣೆ, ಸೈಕಲ್, ರಾಮನ್ ಪರಿಣಾಮ, ಕಳೆದ ಬೀಗದ ಕೈ, ಪರೀಕ್ಷೆಯ ದಿನಾಂಕ – ಇವನ್ನು ಚೀಟಿಗಳಲ್ಲಿ ಬರೆದು ಗುಂಪುಗಳಿಗೆ ಹಂಚಿ. ಪ್ರತಿ ಚೀಟಿಗೂ ಸರಿಯಾದ ಇಂಗ್ಲಿಷ್ ಕ್ರಿಯಾಪದ ಆರಿಸಿ, ಕಾರಣವನ್ನು ಕನ್ನಡದಲ್ಲಿ ಹೇಳಿಸಿ. ಮೌಲ್ಯಮಾಪನದಲ್ಲಿ ಉತ್ತರದಷ್ಟೇ ಅಂಕ ಕಾರಣಕ್ಕೂ ಇರಲಿ. ಮಗುವಿಗೆ ಅರ್ಥವಾಗಿದೆಯೇ ಎಂಬುದು ತಿಳಿಯುವುದು ಅಲ್ಲೇ.