ಮಣಿಕಟ್ಟಿನ ಗಂಟು ಮತ್ತು ಅಲ್ಟ್ರಾಸೌಂಡ್ ಪರೀಕ್ಷೆ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಗುಬ್ಬಿಯ ತೋಟಗಳಲ್ಲಿ ಅಡಿಕೆ ಸುಲಿಯುವವರಿಗಾಗಲಿ, ಕುಣಿಗಲ್‌ನ ಹೊಲಗಳಲ್ಲಿ ರಾಗಿ ಕೊಯ್ಯುವವರಿಗಾಗಲಿ, ತುಮಕೂರು ನಗರದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರಿಗಾಗಲಿ ಮಣಿಕಟ್ಟಿನ ಮೇಲೆ ಅವರೆಕಾಳಿನಷ್ಟು ಅಥವಾ ಅದಕ್ಕಿಂತ ದೊಡ್ಡ ಗಂಟು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಅದನ್ನು ಬಲವಾಗಿ ನೀವಿ ಕರಗಿಸಲು, ಸೂಜಿಯಿಂದ ಚುಚ್ಚಿ ಹಿಂಡಲು ಮುಂದಾಗುವವರಿದ್ದಾರೆ. ಯೂರೋಪಿನಲ್ಲಿಯೂ ಹಿಂದೆ ದಪ್ಪ ಪುಸ್ತಕದಿಂದ ಬಡಿದು ಗಂಟು ಒಡೆಯುವ ರೂಢಿಯಿತ್ತು. ಗಂಟಿನೊಳಗೆ ಏನಿದೆಯೆಂದು ತಿಳಿಯದೆ ಅದಕ್ಕೆ ಕೈ ಹಾಕುವುದು ಅಪಾಯಕರ.

ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳು ಎರಡು ಸಾಲುಗಳಲ್ಲಿ ಜೋಡಣೆಯಾಗಿವೆ. ಅಂಗೈ ಬದಿಯ ಕಿರಿದಾದ ಸುರಂಗದಲ್ಲಿ ಬೆರಳು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಹಾದುಹೋಗುತ್ತವೆ. ಹೆಬ್ಬೆರಳಿನ ಬುಡದ ಕಡೆಗೆ, ವೈದ್ಯರು ನಾಡಿ ಹಿಡಿದು ನೋಡುವ ರಕ್ತನಾಳವಿದೆ. ಕೀಲಿನ ಅಥವಾ ಸ್ನಾಯುರಜ್ಜಿನ ಹೊದಿಕೆಯ ಬಳಿ ಲೋಳೆಯಂತಹ ದ್ರವ ತುಂಬಿಕೊಂಡು ಉಬ್ಬುವ ಚೀಲಕ್ಕೆ ಗ್ಯಾಂಗ್ಲಿಯಾನ್ ಎಂದು ಹೆಸರು. ಇದು ಕ್ಯಾನ್ಸರ್ ಅಲ್ಲ. ಬಹುಪಾಲು ಕೈಯ ಹಿಂಬದಿಯಲ್ಲಿ ಬರುತ್ತದೆ. ಅಂಗೈ ಬದಿಯಲ್ಲಿ ಬಂದಾಗ ಮಾತ್ರ ಅದು ಹಲವು ವೇಳೆ ನಾಡಿಯ ರಕ್ತನಾಳಕ್ಕೆ ಅಂಟಿಕೊಂಡಂತೆಯೇ ಇರುವುದರಿಂದ, ಅಂದಾಜಿನ ಮೇಲೆ ಚುಚ್ಚಿದ ಸೂಜಿ ರಕ್ತನಾಳವನ್ನೇ ತೂರಬಹುದು.

ಹಳ್ಳಿಗಳಲ್ಲಿ ಸ್ಕ್ಯಾನಿಂಗ್ ಎಂದರೆ ಗರ್ಭಿಣಿಯರ ಪರೀಕ್ಷೆಯೆಂದೇ ಅರ್ಥ. ಅದೇ ಶಬ್ದತರಂಗಗಳು ಮಣಿಕಟ್ಟನ್ನೂ ತೋರಿಸಬಲ್ಲವು. ಉದರದ ಪರೀಕ್ಷೆಗೆ ಸಾಮಾನ್ಯವಾಗಿ 3ರಿಂದ 5 ಮೆಗಾಹರ್ಟ್ಸ್ ತರಂಗಗಳನ್ನು ಬಳಸಿದರೆ, ಮಣಿಕಟ್ಟಿಗೆ 10 ಮೆಗಾಹರ್ಟ್ಸ್‌ಗಿಂತ ಹೆಚ್ಚಿನವು ಬೇಕು; ಇವು ಆಳಕ್ಕೆ ಇಳಿಯಲಾರವು, ಆದರೆ ಚರ್ಮದ ಕೆಳಗಿನ ಸೂಕ್ಷ್ಮ ರಚನೆಗಳನ್ನು ಸ್ಪಷ್ಟವಾಗಿ ತೋರಿಸುತ್ತವೆ. ಪರದೆಯ ಮೇಲೆ ದ್ರವದ ಚೀಲವು ಸಾಮಾನ್ಯವಾಗಿ ಕಪ್ಪಾಗಿಯೂ ಅದರ ಹಿಂಭಾಗ ಹೆಚ್ಚು ಬೆಳಕಾಗಿಯೂ ಕಾಣುತ್ತದೆ. ಘನ ಗಡ್ಡೆಯೊಳಗೆ ಬೂದು ಬಣ್ಣದ ರಚನೆ ಇರುತ್ತದೆ. ಡಾಪ್ಲರ್ ವಿಧಾನವು ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವುದರಿಂದ, ಗಂಟೆಂದು ಭಾವಿಸಿದ್ದು ಉಬ್ಬಿದ ರಕ್ತನಾಳವೇ ಎಂಬುದು ತಿಳಿಯುತ್ತದೆ. ರೋಗಿಯು ಬೆರಳು ಆಡಿಸಿದಾಗ ಸ್ನಾಯುರಜ್ಜು ಜಾರುವುದನ್ನೂ ನೋಡಬಹುದು. ಇದು ಎಕ್ಸ್‌ರೇಯಲ್ಲಿ ಕಾಣದು. ಮೂಳೆ ಮುರಿದ ಶಂಕೆಯಿದ್ದರೆ ಎಕ್ಸ್‌ರೇಯೇ ಬೇಕು.

ಪ್ರತಿ ಗಂಟಿಗೂ ಸ್ಕ್ಯಾನಿಂಗ್ ಅನಗತ್ಯ. ನೋವಿಲ್ಲದ ಅನೇಕ ಗ್ಯಾಂಗ್ಲಿಯಾನ್‌ಗಳು ಚಿಕಿತ್ಸೆಯಿಲ್ಲದೆಯೇ ಮರೆಯಾಗುತ್ತವೆ. ದ್ರವ ಹೀರಿ ತೆಗೆದವು ಎಷ್ಟೋ ಬಾರಿ ಮರಳಿ ಬರುತ್ತವೆ. ಗಂಟು ಬೆಳೆಯುತ್ತಿದ್ದರೆ, ಮಿಡಿಯುತ್ತಿದ್ದರೆ, ಬೆರಳುಗಳು ಜೋಮು ಹಿಡಿದರೆ, ಕೆಂಪಾಗಿ ಜ್ವರ ಬಂದರೆ ವಿಳಂಬ ಸಲ್ಲದು. ಅಂತಹವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿಗೆ ಕಳುಹಿಸುವುದು ಸೂಕ್ತ. ಯಾವ ಪರೀಕ್ಷೆ, ಎಲ್ಲಿ ಎಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ.

ಆರೋಗ್ಯ ಶಿಬಿರಕ್ಕೆ ಸ್ಕ್ಯಾನಿಂಗ್ ಯಂತ್ರ ತರುವುದಾಗಿ ಯಾರಾದರೂ ಮುಂದೆ ಬಂದಲ್ಲಿ ಸದಸ್ಯರು ಎಚ್ಚರ ವಹಿಸತಕ್ಕದ್ದು. ಗರ್ಭಪೂರ್ವ ಮತ್ತು ಪ್ರಸವಪೂರ್ವ ಲಿಂಗ ಪತ್ತೆ ತಂತ್ರಗಳ ಕಾಯ್ದೆ, 1994ರ ಪ್ರಕಾರ, ಭ್ರೂಣದ ಲಿಂಗ ಪತ್ತೆಗೆ ಬಳಸಬಹುದಾದ ಯಾವುದೇ ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಣಿಯಿಲ್ಲದೆ ಬಳಸುವಂತಿಲ್ಲ. ಕೈ ಪರೀಕ್ಷೆಗೆಂದು ತಂದ ಯಂತ್ರ ಎಂಬ ಸಮಜಾಯಿಷಿ ಸಾಲದು. ಕೈಯಲ್ಲಿ ಒಯ್ಯಬಹುದಾದ ಯಂತ್ರಗಳಿಗೂ ನಿರ್ಬಂಧಗಳಿವೆ. ನೋಂದಣಿ ಪತ್ರವನ್ನು ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸುವುದು ಕಡ್ಡಾಯ. ಶಿಬಿರಕ್ಕೆ ಒಪ್ಪಿಗೆ ನೀಡುವ ಮೊದಲೇ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಸಂಪರ್ಕಿಸತಕ್ಕದ್ದು.